ನಲ್ಲಿಯ ಪಕ್ಕದ ಕಲ್ಲು

ನಮ್ಮ ಸಂಘದ ಸದಸ್ಯರು ಯಾರಾದರೂ ತೀರಿಕೊಂಡರೆ ಸುದ್ದಿಹಾಳೆಯಲ್ಲಿ ನಾಲ್ಕು ಸಾಲು ಹಾಕುವುದು ವಾಡಿಕೆ. ಹುಟ್ಟಿದ್ದು, ಹೋದದ್ದು, ಸಂಘಕ್ಕೆ ಮಾಡಿದ ಸೇವೆ, ಕೊನೆಗೆ ಆತ್ಮಕ್ಕೆ ಶಾಂತಿ. ನಾವೆಲ್ಲ ಕನ್ನಡಿ ಎಂದು ಕರೆಯುತ್ತಿದ್ದವನ ವಿಷಯದಲ್ಲೂ ಅಷ್ಟೇ ಬರೆದರೆ ಸಾಕು ಎಂದು ಅಧ್ಯಕ್ಷರು ಹೇಳಿದರು. ಆಗಲಿ ಎಂದು ಮನೆಗೆ ಬಂದು ಕೂತೆ. ಬರೆಯಲು ಆಗಲಿಲ್ಲ. ಹುಟ್ಟಿದ್ದು ಎಂದು? ಅವನಿಗೇ ಗೊತ್ತಿರಲಿಲ್ಲ. ತಾಯಿ ಯಾರು? ಅದನ್ನು ಕೇಳುವುದಕ್ಕೇ ಅವನು ನಮ್ಮ ಮೆಟ್ಟಿಲು ಹತ್ತಿದ್ದು. ಇನ್ನು ಶಾಂತಿಯ ಸಾಲು ಬರೆಯಲು ನನಗೆ ಕೈಯೇ ಬರಲಿಲ್ಲ. ಸಿಕ್ಕಿತೋ ಇಲ್ಲವೋ ನನಗೇನು ಗೊತ್ತು? ಅದಕ್ಕೇ ಈ ತಿಂಗಳ ಹಾಳೆಯನ್ನು ಪೂರ್ತಿ ಅವನಿಗೇ ಕೊಡುತ್ತಿದ್ದೇನೆ. ಹೊಸದಾಗಿ ಬಂದ ಪುಸ್ತಕಗಳ ವಿವರ, ಸಮಾಧಿ ಓದುವ ದಿನದ ಸೂಚನೆ ಎಲ್ಲ ಕಾಯಲಿ. ಬೈಯುವವರು ಬೈಯಲಿ, ನನ್ನ ಕಿವಿಗೆ ಅಭ್ಯಾಸವಾಗಿದೆ.

ಸಂಘದ ಪರಿಚಯವಿಲ್ಲದವರಿಗೆ ಎರಡು ಮಾತು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಸಂಘ. ಮುಂದಿನ ಕೋಣೆಯಲ್ಲಿ ಉದ್ದ ಮೇಜು, ಒಂದು ಕಾಲು ಗಿಡ್ಡವಾದ ಕುರ್ಚಿಗಳು, ಗೋಡೆಯ ಮೇಲೆ ಊರಿನ ಹಳೆಯ ನಕ್ಷೆ. ಹಿಂದಿನ ಕೋಣೆಯಲ್ಲಿ ಗೋಡೆಯುದ್ದಕ್ಕೂ ಮರದ ಡ್ರಾಯರ್‌ಗಳು. ಅವುಗಳ ತುಂಬ ಕಾರ್ಡುಗಳು. ಹಳೆಯ ಸ್ಮಶಾನದ ಒಂದೊಂದು ಸಮಾಧಿಗೂ ಒಂದೊಂದು ಕಾರ್ಡು. ಕಲ್ಲಿನ ಮೇಲೆ ಏನು ಕೆತ್ತಿದೆಯೋ ಅದನ್ನೇ ಅಕ್ಷರ ಬಿಡದೆ ಅದರಲ್ಲಿ ಇಳಿಸಿರುತ್ತೇವೆ. ಮಳೆಗಾಳಿಗೆ ಸವೆದು ಓದಲು ಬಾರದ ಕಲ್ಲುಗಳಿಗೆ 'ಓದಲಾಗದು' ಎಂದು ಬರೆಯುತ್ತೇವೆ. ಅಜ್ಜ ಮುತ್ತಜ್ಜರನ್ನು ಹುಡುಕಿಕೊಂಡು ಬರುವವರು ಈ ಡ್ರಾಯರ್‌ಗಳನ್ನು ಎಳೆದು ನೋಡುತ್ತಾರೆ.

ಬರುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ತಾವು ಯಾವನೋ ಸೇನಾಪತಿಯ ಮರಿಮಕ್ಕಳು ಎಂಬ ಗುಮಾನಿ. ನಿಮ್ಮ ಮುತ್ತಜ್ಜ ಸೇನೆಯಲ್ಲಿ ಅಡುಗೆ ಮಾಡಿಕೊಂಡಿದ್ದರು ಎಂದು ತೋರಿಸಿದರೆ ಮುಖ ಹುಳ್ಳಗೆ ಮಾಡಿಕೊಂಡು 'ಇದು ಬೇರೆ ಯಾರೋ ಇರಬೇಕು' ಎನ್ನುತ್ತಾರೆ. ಅಲ್ಲ ಸ್ವಾಮಿ, ಸೇನಾಪತಿಗಳಿಗೆ ಮಾತ್ರ ಮಕ್ಕಳಾಗಿದ್ದು, ಅಡುಗೆಯವರಿಗೆ ಆಗಲೇ ಇಲ್ಲವೇ? ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಗಂಟಲು ದೊಡ್ಡದು, ತಾಳ್ಮೆ ಸಣ್ಣದು. ಕಾರ್ಯದರ್ಶಿ ಎಂದು ಹೆಸರಿಟ್ಟು ಈ ಸುದ್ದಿಹಾಳೆಯನ್ನೂ ನನ್ನ ಕೊರಳಿಗೇ ಕಟ್ಟಿದ್ದಾರೆ.

ಕನ್ನಡಿ ಮೊದಲ ಸಲ ಬಂದ ದಿನ ಕೂಡ ಅಂಥವನೇ ಒಬ್ಬ ಎಂದುಕೊಂಡೆ. ಆಗಿನ್ನೂ ಅವನಿಗೆ ಆ ಹೆಸರು ಬಿದ್ದಿರಲಿಲ್ಲ. ಮಾರುಕಟ್ಟೆ ಬೀದಿಯ ಕ್ಷೌರದಂಗಡಿಯವನು ಎಂದಷ್ಟೇ ಗೊತ್ತಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆ ತುಂಬ ದಟ್ಟ ಕೂದಲು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದು ಕೈಕಟ್ಟಿ ನಿಂತ.

"ಅಕ್ಕಾ, ಇಲ್ಲಿ ಅಮ್ಮನ್ನ ಹುಡುಕಿ ಕೊಡ್ತಾರಂತಲ್ಲ?"

"ಅಮ್ಮನ ಹೆಸರೇನು?"

"ಗೊತ್ತಿಲ್ಲ."

"ಅಪ್ಪನ ಹೆಸರು?"

"ಅದೂ ಗೊತ್ತಿಲ್ಲ."

"ಏನೂ ಗೊತ್ತಿಲ್ದೆ ನಾನೇನು ಗಾಳೀಲಿ ಹುಡುಕ್ಲಾ?"

"ತಲೇಲಿ ಮೂರು ಸುಳಿ ಇದೆ ಅಕ್ಕಾ. ಅದೊಂದೇ ಗೊತ್ತಿರೋದು," ಎಂದು ತಲೆ ಬಗ್ಗಿಸಿ ತೋರಿಸಿದ. ನಿಜಕ್ಕೂ ಮೂರು ಸುಳಿ. "ಇಷ್ಟು ವರ್ಷ ಊರಿನ ತಲೇನೆಲ್ಲ ನೋಡಿದೀನಿ. ಎರಡು ಸುಳಿಯವರು ಬೇಕಾದಷ್ಟು ಜನ ಸಿಗ್ತಾರೆ. ಮೂರು ಇರೋದು ನನ್ನೊಬ್ಬನಿಗೇ. ಎರಡು ಸುಳಿ ಇದ್ರೆ ಎರಡು ಮದುವೆ ಅಂತಾರೆ. ನೋಡಿ, ನನಗೆ ಮೂರಿದ್ದೂ ಒಂದೂ ಆಗ್ಲಿಲ್ಲ!"

ಅವನೇ ಮೊದಲು ನಕ್ಕ. ಆಮೇಲೆ ಮೇಜಿನ ಅಂಚಿಗೆ ಕೂತು ಹೇಳಿದ. ಕೂಸಾಗಿದ್ದಾಗ ಯಾರೋ ಅವನನ್ನು ಅನಾಥಾಲಯದಲ್ಲಿ ಬಿಟ್ಟು ಹೋಗಿದ್ದರು. ಯಾರು, ಏಕೆ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಅನಾಥಾಲಯದ ನೆನಪುಗಳಲ್ಲಿ ಅವನು ಮತ್ತೆ ಮತ್ತೆ ಹೇಳುತ್ತಿದ್ದದ್ದು ಒಂದೇ. ಕ್ಷೌರದ ಕೆಲಸ ಕಲಿಯುವ ಹುಡುಗರನ್ನು ತಿಂಗಳಿಗೊಮ್ಮೆ ಅಲ್ಲಿಗೆ ಕಳಿಸುತ್ತಿದ್ದರು. ಹೊಸ ಕೈಗೆ ಅಭ್ಯಾಸವಾಗಬೇಕಲ್ಲ? ಅಪ್ಪ ಅಮ್ಮ ಇರುವ ಮಕ್ಕಳ ಕಿವಿ ಕುಯ್ದರೆ ಜಗಳಕ್ಕೆ ಬರುತ್ತಾರೆ, ಅನಾಥರ ಕಿವಿ ಕುಯ್ದರೆ ಕೇಳುವವರು ಯಾರು? "ಅಲ್ಲೇ ನಮ್ಮ ತಲೆ ಬೋಳಿಸಿ ಕಲಿಯೋರು. ಆಮೇಲೆ ದೊಡ್ಡವನಾಗಿ ನಾನೂ ಕತ್ತರಿ ಹಿಡಿದಾಗ ಅಲ್ಲಿಗೇ ಹೋಗಿ ಕಲಿತೆ ಅಕ್ಕಾ. ಇನ್ನೆಲ್ಲಿ ಹೋಗ್ಲಿ?" ಎಂದ.

"ಈಗ ಅಮ್ಮನ್ನ ಹುಡುಕಿ ಏನ್ ಮಾಡ್ತೀಯಾ? ಆಸ್ತಿ ಗೀಸ್ತಿ ಇರುತ್ತೆ ಅಂತಾನಾ?" ಎಂದು ಕೇಳಿದೆ. ನನ್ನ ನಾಲಿಗೆಗೆ ಮೂಳೆಯಿಲ್ಲ.

ಅವನು ಬೇಜಾರು ಮಾಡಿಕೊಳ್ಳಲಿಲ್ಲ. "ಬೇಡ ಅಂತ ಬಿಟ್ಲಾ, ಗತಿಯಿಲ್ದೆ ಬಿಟ್ಲಾ, ಅಷ್ಟು ಗೊತ್ತಾದ್ರೆ ಸಾಕು," ಎಂದ.

ಅಂದಿನಿಂದ ನಮ್ಮ ಸುದ್ದಿಹಾಳೆಯ 'ಹುಡುಕುತ್ತಿದ್ದೇವೆ' ಎಂಬ ಅಂಕಣದಲ್ಲಿ ಪ್ರತಿ ತಿಂಗಳೂ ಅವನ ಸಾಲು ಬರತೊಡಗಿತು: ತಲೆಯಲ್ಲಿ ಮೂರು ಸುಳಿಯಿದ್ದ ಗಂಡು ಕೂಸು, ಅನಾಥಾಲಯದಲ್ಲಿ ಬಿಟ್ಟದ್ದು, ತಾಯಿಯ ವಿಷಯ ತಿಳಿದವರು ದಯವಿಟ್ಟು ತಿಳಿಸಿ. ಯಾರೂ ತಿಳಿಸಲಿಲ್ಲ. ಅವನು ಮಾತ್ರ ಅಂಗಡಿಗೆ ರಜೆಯಿರುವ ದಿನ ತಪ್ಪದೆ ಬರತೊಡಗಿದ. ಬಂದವನು ಸುಮ್ಮನೆ ಕೂರುವ ಜಾತಿಯಲ್ಲ. ಕುರ್ಚಿಯ ಕಾಲಿಗೆ ರಟ್ಟು ಕೊಟ್ಟ, ನಕ್ಷೆಗೆ ಗಾಜು ಹಾಕಿಸಿದ, ಆಮೇಲೆ ಕಲ್ಲುಗಳ ಹಿಂದೆ ಬಿದ್ದ.

ಆ ಕಾಲಕ್ಕೆ ನಮಗೆ ಸವೆದ ಕಲ್ಲುಗಳನ್ನು ಓದುವುದೇ ದೊಡ್ಡ ತಲೆನೋವಾಗಿತ್ತು. ಪಾಚಿ ಕಟ್ಟಿ, ಅಕ್ಷರ ಮಾಸಿ, ಬೆರಳಿನಿಂದ ತಡವಿದರೂ ತಿಳಿಯುತ್ತಿರಲಿಲ್ಲ. ಗಡ್ಡಕ್ಕೆ ಹಚ್ಚುವ ಸೋಪಿನ ನೊರೆಯನ್ನು ಕಲ್ಲಿಗೆ ಬಳಿದು ಹಲಗೆಯಿಂದ ಸವರಿದರೆ ಹೇಗೆ ಎಂದು ಕನ್ನಡಿ ಕೇಳಿದ. ಮೇಲಿನ ನೊರೆ ಹೋಗಿ, ಕೆತ್ತಿದ ಗೆರೆಯೊಳಗಿನ ನೊರೆ ಮಾತ್ರ ಉಳಿದು ಅಕ್ಷರ ಬೆಳ್ಳಗೆ ಎದ್ದು ಕಾಣಬಹುದಲ್ಲ? ದೊಡ್ಡ ಮನೆತನಗಳ ಕಲ್ಲಿನ ಮೇಲೆ ಒಮ್ಮೆಲೇ ಕೈ ಮಾಡಿ ಎಡವಟ್ಟಾದರೆ ಅವರ ಮನೆಯವರು ನಮ್ಮ ಚರ್ಮ ಸುಲಿಯುತ್ತಾರೆ, ಮೊದಲು ಎಲ್ಲಾದರೂ ಪ್ರಯೋಗ ಮಾಡಿ ನೋಡು ಎಂದು ಅಧ್ಯಕ್ಷರು ಹೇಳಿದರು. ಸ್ಮಶಾನದ ಮೂಲೆಯಲ್ಲಿ ನೀರಿನ ನಲ್ಲಿಯ ಪಕ್ಕ ಪುಟ್ಟ ಪುಟ್ಟ ಕಲ್ಲುಗಳ ಸಾಲೊಂದಿದೆ. ಬಡವರವು. ಮೃದುವಾದ ಬಿಳಿ ಕಲ್ಲು. ಯಾರೂ ಹೂವಿಡಲು ಬರದ, ಯಾರೂ ವಿಚಾರಿಸದ ಕಲ್ಲುಗಳು. ಅವುಗಳ ಮೇಲೆ ಕೈ ಪಳಗಿಸಿಕೊಳ್ಳುತ್ತೇನೆ ಎಂದು ಹೊರಟ. ನಾವೆಲ್ಲ ಸರಿ ಎಂದೆವು.

ನೊರೆ ಚೆನ್ನಾಗಿಯೇ ಕೆಲಸ ಮಾಡಿತು. ಅಕ್ಷರಗಳು ಎದ್ದುಬಂದವು. ಆ ಖುಷಿಯಲ್ಲಿ ಇವನು ಅಲ್ಲಿಗೇ ನಿಲ್ಲಲಿಲ್ಲ. ಪಾಚಿಯನ್ನೂ ತೆಗೆದುಬಿಡೋಣ ಎಂದು ತಂತಿಯ ಬ್ರಷ್ಷಿನಿಂದ ಉಜ್ಜಿದ, ಬಚ್ಚಲು ತೊಳೆಯುವ ಆಸಿಡ್ ಸುರಿದ. ಕಲ್ಲುಗಳು ಬೆಳಗಿದ ತಟ್ಟೆಯಂತೆ ಥಳಥಳ ಹೊಳೆದವು. ನೋಡಲು ಹೋದ ನಾವು ಚಪ್ಪಾಳೆ ತಟ್ಟಿದೆವು. ಪ್ರಯೋಗವಲ್ಲವೇ, ಕಲ್ಲಿನ ಮೇಲೆ ಏನಿದೆ ಎಂದು ಯಾರೂ ಬರೆದುಕೊಳ್ಳಲಿಲ್ಲ. ಆ ಸಾಲಿನ ಸರದಿ ಬಂದಾಗ ಬರೆದರಾಯಿತು ಎಂದು ಬಿಟ್ಟೆವು. ಮುಂದಿನ ಮಳೆಗಾಲ ಕಳೆಯುವ ಹೊತ್ತಿಗೆ ಆ ಕಲ್ಲುಗಳ ಮೈ ಹಿಟ್ಟು ಹಿಟ್ಟಾಗಿ ಉದುರಿ, ಅಕ್ಷರವೆಲ್ಲ ಮಣ್ಣುಪಾಲಾಗಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸರದಿ ಬಂದಾಗ ಕಾರ್ಡುಗಳಲ್ಲಿ 'ಓದಲಾಗದು' ಎಂದು ಬರೆದು ಡ್ರಾಯರಿಗೆ ಹಾಕಿದೆವು. ಯಾರೂ ಬಂದು ಕೇಳಲಿಲ್ಲ. ಕಲಿಯುವಾಗ ಒಂದಷ್ಟು ಕಿವಿ ಕುಯ್ದುಹೋಗುತ್ತೆ ಎಂದು ಅವನೇ ತಮಾಷೆ ಮಾಡಿದ. ನಾವು ನಕ್ಕೆವು.

ಆದರೆ ಅದರಿಂದ ಅವನು ಪಾಠ ಕಲಿತ. ಆಮೇಲೆ ಯಾವ ಕಲ್ಲಿಗೂ ನೊರೆ ಮುಟ್ಟಿಸಲಿಲ್ಲ, ಬ್ರಷ್ ಮುಟ್ಟಿಸಲಿಲ್ಲ. ಕ್ಷೌರ ಮುಗಿದ ಮೇಲೆ ಗಿರಾಕಿಗೆ ತಲೆಯ ಹಿಂಭಾಗ ತೋರಿಸಲು ಹಿಡಿಯುವ ಕೈಗನ್ನಡಿ ಇರುತ್ತದಲ್ಲ, ಅದನ್ನು ಚೀಲದಲ್ಲಿ ಹಾಕಿಕೊಂಡು ಬರತೊಡಗಿದ. ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಕಲ್ಲಿನ ಮೇಲೆ ಓರೆಯಾಗಿ ಬಿಡುವನು. ಹಾಗೆ ಬಿಟ್ಟರೆ ಎಷ್ಟೇ ಸವೆದಿದ್ದರೂ ಗೆರೆಗಳ ನೆರಳು ಬಿದ್ದು ಅಕ್ಷರ ಮೂಡುತ್ತದೆ. ಕಲ್ಲಿಗೆ ಒಂದು ಚೂರೂ ಪೆಟ್ಟಿಲ್ಲ. ಅಲ್ಲಿಂದ ಅವನ ಹೆಸರೇ ಕನ್ನಡಿ ಎಂದಾಯಿತು. ಹೊಸದಾಗಿ ಬಂದವರು ಯಾರಾದರೂ ಕಲ್ಲನ್ನು ಉಗುರಿನಿಂದ ಕೆರೆದರೆ ಉರಿದುಬೀಳುತ್ತಿದ್ದ. "ಮುಟ್ಟಬೇಡ್ರೀ! ಬೆಳಕಷ್ಟೇ ಮುಟ್ಟಲಿ. ಹೋದ ಅಕ್ಷರ ನಿಮ್ಮ ತಾತ ಬಂದ್ರೂ ವಾಪಸ್ ಬರಲ್ಲ."

ಎಷ್ಟು ಜನರಿಗೆ ಅವನು ತಾಯಿ ತಂದೆಯರನ್ನು ಹುಡುಕಿಕೊಟ್ಟನೋ ಲೆಕ್ಕವಿಲ್ಲ. ಒಮ್ಮೆ ವಯಸ್ಸಾದ ದರ್ಜಿಯೊಬ್ಬರು ತಾಯಿಯ ಸಮಾಧಿ ಹುಡುಕುತ್ತ ಬಂದಿದ್ದರು. ಕನ್ನಡಿ ಮಂಡಿಯೂರಿ ಕೂತು, ಬಿಸಿಲನ್ನು ಅತ್ತಿತ್ತ ಸರಿಸಿ, ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದ. ಹೆಸರು ಪೂರ್ತಿಯಾಗುವ ಮೊದಲೇ ದರ್ಜಿಯವರು ಕಲ್ಲನ್ನು ತಬ್ಬಿಕೊಂಡು ಗೊಳೋ ಎಂದು ಅತ್ತರು. ಕನ್ನಡಿ ಎದ್ದು ನಮಗೆ ಬೆನ್ನು ಮಾಡಿ, ಅಂಗಿಯ ಅಂಚಿನಿಂದ ಕೈಗನ್ನಡಿಯನ್ನು ಒರೆಸುತ್ತ ನಿಂತ. ಒರೆಸಿದ್ದನ್ನೇ ಒರೆಸುತ್ತಿದ್ದ. ವಾಪಸ್ ಬರುವಾಗ ನಾನು ಏನಾದರೂ ಹೇಳಬೇಕಲ್ಲ ಎಂದು, "ನಿನ್ನ ಸರದೀನೂ ಬರುತ್ತೆ ಬಿಡೋ," ಎಂದೆ. "ಬರುತ್ತೆ ಅಕ್ಕಾ. ಎಲ್ಲಿ ಹೋಗುತ್ತೆ?" ಎಂದ. ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರಲ್ಲ, ಅವನನ್ನು ನೋಡಿದಾಗಲೆಲ್ಲ ನನಗೆ ಆ ಮಾತೇ ನೆನಪಾಗುತ್ತಿತ್ತು.

ಹೀಗೇ ವರ್ಷಗಳು ಕಳೆದವು. ಅವನ ದಟ್ಟ ಕೂದಲು ಪೂರ್ತಿ ಬೆಳ್ಳಗಾಯಿತು. ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ದಿನವೂ ಸಂಘಕ್ಕೆ ಬರತೊಡಗಿದ.

ಹೋದ ಬೇಸಿಗೆಯಲ್ಲಿ ಒಂದು ದಿನ ಒಬ್ಬಳು ಹುಡುಗಿ ತನ್ನ ಅಜ್ಜಿಯನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದಳು. ಹುಡುಗಿಗೆ ಕಾಲೇಜಿನಲ್ಲಿ ತನ್ನ ವಂಶವೃಕ್ಷ ಬರೆದು ತರಲು ಹೇಳಿದ್ದರಂತೆ. ಅಜ್ಜಿಗೆ ತುಂಬ ವಯಸ್ಸಾಗಿತ್ತು, ಕಣ್ಣಿಗೆ ಪೊರೆ ಬಂದಿತ್ತು, ಆದರೆ ಮಾತು ಮಾತ್ರ ಪಟಪಟ. ಹುಡುಗಿ ಡ್ರಾಯರ್ ಎಳೆಯುತ್ತಿದ್ದರೆ, ಅಜ್ಜಿಯನ್ನು ಕನ್ನಡಿ ಮಾತಿಗೆ ಎಳೆದ. ಕೈ ಕತ್ತರಿಯನ್ನು ಬಿಟ್ಟರೂ ಬಾಯಿ ಗಿರಾಕಿಯನ್ನು ಮಾತಾಡಿಸುವುದನ್ನು ಬಿಡುತ್ತದೆಯೇ?

"ಅಜ್ಜೀ, ನೀವು ಇದೇ ಊರಿನವರೇನು?"

"ಹರೇದಲ್ಲಿ ಇಲ್ಲೇ ಇದ್ದೆ ಕಣಪ್ಪ. ದೊಡ್ಡ ಆಸ್ಪತ್ರೆ ಬಟ್ಟೆ ಒಗೆಯೋ ಮನೇಲಿ ಕೆಲಸ. ಕುದಿಯೋ ಹಂಡೆ ಮುಂದೆ ನಿಂತು ನಿಂತು ಕೈಯೆಲ್ಲ ಸುಟ್ಟುಹೋಗಿತ್ತು. ಮದುವೆಯಾದ ಮೇಲೆ ಗಂಡನ ಜೊತೆ ಬೇರೆ ಊರಿಗೆ ಹೋದೆ. ಈಗ ಈ ಮೊಮ್ಮಗಳ ಜೊತೆ ಇರೋಣ ಅಂತ ಬಂದಿದೀನಿ."

"ಆಗಿನ ಗೆಳತಿಯರು ಯಾರಾದ್ರೂ ಇದಾರಾ?"

"ಎಲ್ಲಿ? ಎಲ್ಲ ಹೋದ್ರು. ಒಬ್ಬಳಂತೂ ಆಗಲೇ ಹೋದ್ಲು, ಪಾಪ. ನನ್ನ ಪಕ್ಕದ ಹಂಡೆಯವಳು. ಅವನ್ಯಾರೋ ಕೈಕೊಟ್ಟು ಹೋದ, ಇವಳ ಮಡಿಲಲ್ಲಿ ಗಂಡು ಕೂಸು. ಕೂಸು ಹುಟ್ಟಿದ ಮೇಲೆ ಕೆಮ್ಮು ಶುರುವಾಯ್ತು ನೋಡು, ರಕ್ತ ಬರೋ ಕೆಮ್ಮು. ಮಗೂಗೆ ತಗಲುತ್ತೆ ಅಂತ ಹೆದರಿ ಅನಾಥಾಲಯಕ್ಕೆ ಬಿಟ್ಟುಬಂದ್ಲು. ವಾಸಿಯಾದ ಮೇಲೆ ಕರ್ಕೊಂಡು ಬರ್ತೀನಿ ಅಂತಿದ್ಲು. ವಾಸಿ ಎಲ್ಲಾಗುತ್ತೆ?"

ನಾನು ಮೇಜಿನ ಈ ತುದಿಯಲ್ಲಿ ಸುದ್ದಿಹಾಳೆ ಮಡಿಸುತ್ತಿದ್ದೆ. ನನ್ನ ಕೈ ನಿಂತಿತು. ಅಜ್ಜಿ ತಮ್ಮಷ್ಟಕ್ಕೆ ತಾವು ನಕ್ಕರು.

"ಆ ಮಗೂಗೆ ತಲೇಲಿ ಮೂರು ಸುಳಿ ಇತ್ತು ಕಣಪ್ಪ. ಎರಡು ಸುಳಿಗೆ ಎರಡು ಹೆಂಡ್ತೀರು, ನಿನ್ನ ಮಗನಿಗೆ ಮೂವರು ಸೊಸೇರನ್ನ ಹೇಗೆ ಸಾಕ್ತೀಯೇ ಅಂತ ನಾವು ರೇಗಿಸ್ತಿದ್ವಿ."

ಕನ್ನಡಿ ಕುರ್ಚಿಯಿಂದ ಎದ್ದ. ಎದ್ದವನು ಅಜ್ಜಿಯ ಕಾಲ ಬಳಿ ನೆಲದ ಮೇಲೆ ಕೂತು, ಅವರ ಕೈಯನ್ನು ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡ. ಅಜ್ಜಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಸುಕ್ಕುಗಟ್ಟಿದ ಬೆರಳುಗಳು ಬಿಳಿ ಕೂದಲಿನೊಳಗೆ ತಡವಿದವು. ಒಂದು ಸುಳಿ, ಅದರ ಪಕ್ಕ ಇನ್ನೊಂದು, ನೆತ್ತಿಯ ಹಿಂದೆ ಮತ್ತೊಂದು.

"ಅಯ್ಯೋ ನನ್ನಪ್ಪಾ," ಎಂದರು ಅಜ್ಜಿ. "ಅಯ್ಯೋ ನನ್ನ ಕಂದಾ, ಇಷ್ಟು ಮುದುಕನಾಗಿಬಿಟ್ಟಿದ್ದೀಯಲ್ಲೋ!"

ಅಳಬಾರದು ಎಂದುಕೊಂಡಿದ್ದ ನಾನೂ ಅತ್ತುಬಿಟ್ಟೆ. ಹುಡುಗಿ ಡ್ರಾಯರನ್ನು ಹಾಗೇ ಬಿಟ್ಟು ಓಡಿಬಂದಳು. ಅಜ್ಜಿ ಅವನ ತಾಯಿಯ ಹೆಸರು ಹೇಳಿದರು. ಅವನು ಅದನ್ನು ಎರಡು ಮೂರು ಸಲ ತನ್ನೊಳಗೇ ಹೇಳಿಕೊಂಡ. ಹೊಸದಾಗಿ ಮಾತು ಕಲಿಯುವ ಮಗುವಿನಂತೆ ತುಟಿ ಆಡಿಸುತ್ತಿದ್ದ. ಆಮೇಲೆ ಕೇಳಿದ, "ಬೇಡ ಅಂತ ಬಿಡ್ಲಿಲ್ವಾ, ಅಮ್ಮಾ?"

"ಬೇಡ ಅಂತ? ಯಾರಪ್ಪ ಹೇಳಿದ್ದು? ನಿನ್ನ ಬಿಟ್ಟು ಬಂದ ದಿನ ಅವಳು ಹಂಡೆ ಮುಂದೆ ಕೂತು ಎದ್ದೇಳಲೇ ಇಲ್ಲ. ಕೆಲಸ ನಾನೇ ಮಾಡ್ದೆ. ಇನ್ನು ಉಳಿಯಲ್ಲ ಅಂತ ಗೊತ್ತಾದಾಗ ತಾನೇ ಗೋಡೆ ಹಿಡಕೊಂಡು ಕಲ್ಲುಕುಟಿಗನ ಹತ್ರ ಹೋದ್ಲು. ತನ್ನ ಸಮಾಧಿ ಮೇಲೆ ಏನು ಬರೀಬೇಕು ಅಂತ ತಾನೇ ಹೇಳಿಬಂದ್ಲು. ಒಂದೆರಡು ಮಾತಲ್ಲ, ಕಲ್ಲು ತುಂಬ ಬರೆಸಿದ್ಲು. ನಾನು ಓದಿದೋಳಲ್ಲ. ಏನೇ ಅದು ಅಂತ ಕೇಳ್ದೆ. 'ನಿನಗ್ಯಾಕೆ? ಅದು ನನ್ನ ಮಗನಿಗೆ ಬರೆಸಿದ್ದು. ದೊಡ್ಡವನಾದ ಮೇಲೆ ಅವನೇ ಬಂದು ಓದ್ಕೋತಾನೆ' ಅಂದ್ಲು."

ಕನ್ನಡಿಯ ಮುಖ ಆಗ ಹೇಗಿತ್ತು ಎಂದು ಹೇಳಲೇಬೇಕು. ಅಷ್ಟು ವರ್ಷಗಳಲ್ಲಿ ಅವನು ನಕ್ಕದ್ದನ್ನು ಬೇಕಾದಷ್ಟು ಸಲ ನೋಡಿದ್ದೇನೆ, ಆದರೆ ಸಂತೋಷವಾಗಿದ್ದನ್ನು ನೋಡಿದ್ದು ಅದೊಂದೇ ಸಲ. ಅವನು ಚೀಲಕ್ಕೆ ಕೈಹಾಕಿ ಕೈಗನ್ನಡಿ ಇದೆಯೇ ಎಂದು ಮುಟ್ಟಿ ನೋಡಿಕೊಂಡ.

"ಎಲ್ಲಿದೆ ಅಮ್ಮಾ? ಬಿಸಿಲಿದೆ. ಈಗಲೇ ಹೋಗೋಣ."

"ಹಳೇ ಸ್ಮಶಾನದಲ್ಲೇ. ಮೂಲೇಲಿ ನೀರಿನ ನಲ್ಲಿ ಇದೆಯಲ್ಲ, ಅದರ ಪಕ್ಕ. ಮೊದಲನೇದೇ ಅವಳದು. ಪುಟ್ಟ ಬಿಳೀ ಕಲ್ಲು."

ಅವನನ್ನು ನೋಡಲು ಧೈರ್ಯ ಬರಲಿಲ್ಲ. ನೋಡಿದಾಗ, ಅವನ ಕೈ ಇನ್ನೂ ಚೀಲದೊಳಗೇ ಇತ್ತು. ಬೇರೆ ಕಲ್ಲಿರಬಹುದು, ಅಜ್ಜಿಗೆ ಮರೆತಿರಬಹುದು, ನಡಿ ನೋಡೋಣ ಎಂದು ನಾನೇ ಎಬ್ಬಿಸಿದೆ. ಆಟೋದಲ್ಲಿ ಅಜ್ಜಿ ಉದ್ದಕ್ಕೂ ಮಾತಾಡುತ್ತಲೇ ಇದ್ದರು: ಅವನ ತಾಯಿ ಎಡಗೈಯವಳಂತೆ, ಹಾಡಿದರೆ ರಾಗ ತಪ್ಪುತ್ತಿತ್ತಂತೆ, ಆದರೂ ಹಾಡುವುದನ್ನು ಬಿಡುತ್ತಿರಲಿಲ್ಲವಂತೆ.

ಅಜ್ಜಿಯ ನೆನಪು ತಪ್ಪಿರಲಿಲ್ಲ. ಮೊಮ್ಮಗಳ ಭುಜ ಹಿಡಿದು, ಕಣ್ಣು ಕಾಣದಿದ್ದರೂ ನೆಟ್ಟಗೆ ನಲ್ಲಿಯ ಬಳಿಗೆ ಹೋಗಿ, ಸಾಲಿನ ಮೊದಲ ಕಲ್ಲಿನ ನೆತ್ತಿಯ ಮೇಲೆ ಕೈಯಿಟ್ಟರು. "ಇದೇ. ನಾನೇ ನಿಂತು ನೆಡಿಸಿದ್ದು. ಓದು ಮಗಾ. ಏನು ಬರೆಸಿದ್ಲು ಅಂತ ನನಗೂ ಕೇಳಬೇಕು. ಇಷ್ಟು ಕಾಲದಿಂದ ಅಂದ್ಕೋತಿದೀನಿ, ಏನು ಬರೆಸಿದ್ಲೋ ಅಂತ."

ಕಲ್ಲು ಬೋಳಾಗಿತ್ತು. ಕೂಸಿನ ಬೆನ್ನಿನ ಹಾಗೆ ನುಣ್ಣಗಿತ್ತು.

ಕನ್ನಡಿ ಮಂಡಿಯೂರಿ ಕೂತ. ಕೈಗನ್ನಡಿ ತೆಗೆದು ಬಿಸಿಲು ಹಿಡಿದ. ಬೆಳಕನ್ನು ಎಡಕ್ಕೆ ಬಿಟ್ಟ, ಬಲಕ್ಕೆ ಬಿಟ್ಟ, ಕೆಳಗಿನಿಂದ ಮೇಲಕ್ಕೆ ತಂದ. ಒಂದು ಗೆರೆಯ ನೆರಳೂ ಬೀಳಲಿಲ್ಲ. ಅಜ್ಜಿ ಕಿವಿ ಮುಂದೆ ಮಾಡಿಕೊಂಡು ಕಾಯುತ್ತಿದ್ದರು.

"ಏನಂತೆ ಮಗಾ? ಜೋರಾಗಿ ಓದು."

ಮಳೆಗೆ ಸವೆದುಹೋಗಿದೆ ಅಜ್ಜಿ ಎಂದು ನಾನೇ ಸುಳ್ಳು ಹೇಳಿಬಿಟ್ಟೆ. ಅಜ್ಜಿ ನಿಟ್ಟುಸಿರಿಟ್ಟರು. "ಅಯ್ಯೋ, ಕಲ್ಲೂ ಉಳಿಯಲ್ಲ ನೋಡು. ಇರಲಿ ಬಿಡಪ್ಪ, ನೀನು ಬಂದ್ಯಲ್ಲ, ಅವಳಿಗೆ ಅಷ್ಟೇ ಸಾಕು," ಎಂದು ಅವನ ತಲೆ ಸವರಿದರು. ಹುಡುಗಿ ಅಜ್ಜಿಯನ್ನು ನೆರಳಿಗೆ ಕರೆದೊಯ್ದಳು.

ಆಗ ಅವನು ನನ್ನ ಕಡೆ ತಿರುಗಿದ. "ಸವೆದದ್ದಲ್ಲ ಅಕ್ಕಾ," ಎಂದ.

"ಸುಮ್ನಿರೋ."

"ಮೊದಲು ಹಿಡಿದದ್ದು ಇದನ್ನೇ. ಮೊದಲ್ನೇದಾಗಿತ್ತಲ್ಲ, ಅದಕ್ಕೇ. ನೊರೆ ಬಳಿದು ಹಲಗೇಲಿ ಸವರಿದೆ. ಮಲ್ಲಿಗೆ ಹೂವಿನಷ್ಟು ಬೆಳ್ಳಗೆ ಅಕ್ಷರ ಎದ್ದವು. ಕಲ್ಲು ತುಂಬ. ಒಂದೂ ಕೆಟ್ಟಿರ್ಲಿಲ್ಲ. ನಾನು ಅದನ್ನ ಓದಿದೀನಿ. ಕಣ್ಣಾರೆ ಓದಿದೀನಿ. ಮೂಡಿತು, ಮೂಡಿತು ಅಂತ ಕುಣಿದಾಡಿದೆ. ಏನು ಮೂಡಿತು ಅಂತ…" ತಲೆ ಚಚ್ಚಿಕೊಂಡ. ಮೂರು ಸುಳಿಯ ತಲೆಯನ್ನು ಎರಡೂ ಕೈಯಿಂದ ಚಚ್ಚಿಕೊಂಡ. "ನೆನಪಾಗ್ತಿಲ್ಲ ಅಕ್ಕಾ. ಒಂದು ಪದ. ಒಂದೇ ಒಂದು ಪದ ನೆನಪಾಗ್ಲಿ ಅಂದ್ರೆ ಆಗ್ತಿಲ್ಲ."

ನಾನು ಅವನ ಕೈಗಳನ್ನು ಹಿಡಿದುಕೊಂಡೆ. ಊರಿನಲ್ಲಿ ಕೇಳುವವರಿಲ್ಲದ ಕಲ್ಲು ಎಂದು ಆರಿಸಿಕೊಂಡದ್ದು. ಕೇಳಬೇಕಾದವನು ಅವನೇ ಆಗಿದ್ದ.

ಆಮೇಲೆ ನಾವು ಮಾಡದ ಪ್ರಯತ್ನವಿಲ್ಲ. ಆ ಕಾಲದ ಕಲ್ಲುಕುಟಿಗರ ಮನೆಯವರನ್ನು ವಿಚಾರಿಸಿದೆವು. ಅವರು ಕಸುಬು ಬಿಟ್ಟು ತುಂಬ ಕಾಲವಾಗಿತ್ತು. ಬೇರೆ ಊರಿನ ಸಂಘದವರು ದೊಡ್ಡ ದೀಪ, ಕ್ಯಾಮೆರಾ ತಂದು ಎಲ್ಲ ಕಡೆಯಿಂದಲೂ ಫೋಟೋ ತೆಗೆದು, ತಲೆಯಾಡಿಸಿ ಹೋದರು. 'ನಲ್ಲಿಯ ಪಕ್ಕದ ಮೊದಲ ಕಲ್ಲನ್ನು ಹಿಂದೆ ಯಾರಾದರೂ ಓದಿದ್ದರೆ ತಿಳಿಸಿ' ಎಂದು ಈ ಹಾಳೆಯಲ್ಲಿ ತಿಂಗಳು ತಿಂಗಳೂ ಹಾಕಿದೆ. ಬಡವರ ಕಲ್ಲನ್ನು ನಿಂತು ಓದಿದವರು ಯಾರಿರುತ್ತಾರೆ? ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಅಧ್ಯಕ್ಷರು ಅವನ ಎದುರಿಗೇ ಗಾದೆ ಹೇಳಿದರು. ಆ ಗಾದೆಯನ್ನು ನಿಮ್ಮ ಕಲ್ಲಿಗೆ ಕೆತ್ತಿಸಿಕೊಳ್ಳಿ ಎಂದು ನಾನು ಹೇಳಿದೆ. ಅಂದಿನಿಂದ ಅವರಿಗೂ ನನಗೂ ಅಷ್ಟಕ್ಕಷ್ಟೆ.

ಕನ್ನಡಿ ಸಂಘಕ್ಕೆ ಬರುವುದನ್ನು ಬಿಟ್ಟ. ಬೆಳಗ್ಗೆ ಬಿಸಿಲು ಏರುವ ಹೊತ್ತಿಗೆ ಸ್ಮಶಾನಕ್ಕೆ ಹೋಗಿ ಕೂರುತ್ತಿದ್ದ. ಕಲ್ಲನ್ನು ಓದಲು ಅಲ್ಲ, ಅದು ಆಗದು ಎಂದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಕಣ್ಣು ಮುಚ್ಚಿಕೊಂಡು ಆ ದಿನವನ್ನು ನೆನಪಿಗೆ ತಂದುಕೊಳ್ಳುತ್ತಿದ್ದ. ಸೋಪಿನ ವಾಸನೆ ನೆನಪಿದೆ ಎನ್ನುತ್ತಿದ್ದ. ನಲ್ಲಿ ತೊಟ್ಟಿಕ್ಕುತ್ತಿದ್ದದ್ದು ನೆನಪಿದೆ, ಹಲಗೆಯ ಅಂಚು ಸೀಳಿದ್ದು ನೆನಪಿದೆ. ಅಕ್ಷರ ಮಾತ್ರ ಇಲ್ಲ. ನಾನು ಫ್ಲಾಸ್ಕಿನಲ್ಲಿ ಚಹಾ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಒಮ್ಮೆ ಕೇಳಿದ, "ಅಕ್ಕಾ, ನನಗೊಂದು ಹೆಸರು ಇಟ್ಟಿದ್ಲೇನೋ. ಅದೂ ಅದರಲ್ಲಿ ಇತ್ತೇನೋ." ನಾನು ಲೋಟಕ್ಕೆ ಚಹಾ ಬಗ್ಗಿಸಿದೆ.

ಈ ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ಆಸ್ಪತ್ರೆ ಸೇರಿದ. ನೋಡಲು ಹೋದಾಗ ಮಾತಾಡಲು ಏದುಸಿರು ಬರುತ್ತಿತ್ತು. ಅಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದು, "ಆ ಕಾರ್ಡಿದೆಯಲ್ಲ ಅಕ್ಕಾ, ಅಮ್ಮನ ಕಲ್ಲಿಂದು. ಅದರಲ್ಲಿ ಏನಂತ ಬರೆದಿದೀವಿ?" ಎಂದು ಕೇಳಿದ.

"ಓದಲಾಗದು ಅಂತ."

"ಅದನ್ನ ತೆಗೆದುಬಿಡಿ. ಅಮ್ಮ ಹೇಳಿದ್ಲಲ್ಲ, ಅವನೇ ಬಂದು ಓದ್ಕೋತಾನೆ ಅಂತ. ಅವಳ ಮಾತು ಸುಳ್ಳಾಗಿಲ್ಲ. ನಾನು ಹೋಗಿದೀನಿ, ಓದಿದೀನಿ. ಮರ್ತಿರೋದು ನನ್ನ ಪಾಪ, ಅವಳದಲ್ಲ. ಓದಿದಾನೆ ಅಂತ ಬರೀರಿ."

ಬರೆಯುತ್ತೇನೆ ಎಂದೆ. ಎರಡು ದಿನ ಬಿಟ್ಟು ತೀರಿಕೊಂಡ. ನಲ್ಲಿಯ ಪಕ್ಕ, ಆ ಸಾಲಿನ ಮುಂದೆಯೇ ಜಾಗ ಮಾಡಿಸಿ ಮಣ್ಣು ಮಾಡಿದೆವು. ಅಜ್ಜಿ ಬಂದಿದ್ದರು. ಮುಚ್ಚುವ ಮೊದಲು ಅವನ ತಲೆಯ ಮೇಲೆ ಕೈಯಿಟ್ಟು ಮೂರು ಸುಳಿಗಳನ್ನೂ ಮತ್ತೊಮ್ಮೆ ಮುಟ್ಟಿದರು.

ಕಲ್ಲಿನ ಮೇಲೆ ಇರುವುದನ್ನಷ್ಟೇ ಕಾರ್ಡಿನಲ್ಲಿ ಬರೆಯಬೇಕು, ಇಲ್ಲದ್ದನ್ನು ಬರೆಯಬಾರದು ಎಂಬುದು ನಮ್ಮ ಸಂಘದ ನಿಯಮ. ಅದನ್ನು ಮಾಡಿದವರಲ್ಲಿ ನಾನೂ ಒಬ್ಬಳು. ನಿನ್ನೆ ಹಿಂದಿನ ಕೋಣೆಗೆ ಹೋಗಿ ಹಳೆಯ ಕಾರ್ಡನ್ನು ಹರಿದು ಹಾಕಿ ಹೊಸದನ್ನು ಇಟ್ಟು ಬಂದಿದ್ದೇನೆ. ಅಧ್ಯಕ್ಷರಿಗೆ ಇದನ್ನು ಓದಿದಾಗಲೇ ಗೊತ್ತಾಗುವುದು. ಮೇಲೆ ಅವನ ತಾಯಿಯ ಹೆಸರಿದೆ. ಕೆಳಗೆ, 'ಮಗನಿಗಾಗಿ ಬರೆಸಿದ್ದು. ಮಗ ಬಂದು ಓದಿದ್ದಾನೆ' ಎಂದಿದೆ.